ಪ್ಲೇಗಿನ ಲಸಿಕೆ ಕಂಡುಹಿಡಿದ ಹಾಫ್ಕಿನ್

 

ಹೋದ ತಿಂಗಳು ನಮ್ಮ ಶಾಲೆಗೆ ನರ್ಸಮ್ಮ ಬಂದು ಐದನೇ ಕ್ಲಾಸಿನವರಿಗೆ ಧನುರ್ವಾಯು ಬಾರದ ಹಾಗೆ ಇಂಜೆಕ್ಷನ್ ಹಾಕಿದರಲ್ಲ, ಆವಾಗ ಇಬ್ಬರು ಹುಡುಗರು ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಒಬ್ಬ ದೊಡ್ಡ ವಿಜ್ಞಾನಿಯ ಕಥೆ ಓದಿ.

ವಾಲ್ಡೆಮಾರ್ ಹಾಫ್ಕಿನ್ ಅವರು 1860ನೇ ಇಸವಿ ಮಾರ್ಚ್ 15ರಂದು ಒಡೆಸ್ಸಾ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ಆಗ ಅದು ರಷ್ಯಾಕ್ಕೆ ಸೇರಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಅವರು ಯಹೂದಿಗಳು. ಎಷ್ಟು ಜಾಣರಾಗಿದ್ದರೂ ಯಹೂದಿ ಎಂಬ ಕಾರಣಕ್ಕೆ ಅವರಿಗೆ ಅಲ್ಲಿ ಪ್ರೊಫೆಸರ್ ಕೆಲಸ ಸಿಗಲಿಲ್ಲ. ಹಾಗಾಗಿ ಅವರು ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಸಂಸ್ಥೆಯಲ್ಲಿ ಪುಸ್ತಕ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಕಾಲರಾ ರೋಗಕ್ಕೆ ಲಸಿಕೆ ತಯಾರಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದು ಊರೂರು ತಿರುಗಿ ಸಾವಿರಾರು ಜನಕ್ಕೆ ಲಸಿಕೆ ಹಾಕಿದರು.

ರೋಗಕ್ಕೆ ಗಡಿ ಗೊತ್ತಿಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗು ಹರಡಿತು. ಅದು ಹಡಗುಗಳ ಮೂಲಕ 1896ರಲ್ಲಿ ಬೊಂಬಾಯಿಗೆ ಬಂತು. ಹಡಗಿನ ಸಾಮಾನಿನ ಜೊತೆ ಇಲಿ ಬರುತ್ತಿತ್ತು, ಇಲಿ ಮೈಮೇಲೆ ಚಿಗಟ ಇರುತ್ತಿತ್ತು. ಆ ಚಿಗಟ ಕಚ್ಚಿದರೆ ಮನುಷ್ಯರಿಗೆ ಪ್ಲೇಗು. ಜನ ಗಾಬರಿಯಿಂದ ಬೊಂಬಾಯಿ ಬಿಟ್ಟು ರೈಲು ಹತ್ತಿದರು. ರೋಗವೂ ಜೊತೆಗೇ ಹತ್ತಿತು. 1898ರ ಆಗಸ್ಟ್ ತಿಂಗಳಲ್ಲಿ ಅದು ನಮ್ಮ ಬೆಂಗಳೂರಿಗೂ ಬಂತು. ಜನ ಮನೆಮಠ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡರು. ಕಿಷ್ಕಿಂಧೆಯಂಥ ಪೇಟೆ ಬಿಟ್ಟು ಗಾಳಿ ಬೆಳಕಿರುವ ಕಡೆ ಇರಲಿ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆಮೇಲೆಯೇ. ಪ್ಲೇಗಮ್ಮನ ಗುಡಿಗಳೂ ಆ ಕಾಲದವೇ.

ಹಾಫ್ಕಿನ್ ಅವರು 1896ರ ಅಕ್ಟೋಬರಿನಲ್ಲಿ ಬೊಂಬಾಯಿಗೆ ಬಂದಾಗ ಅವರಿಗೆ ಸಿಕ್ಕಿದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಚಿಕ್ಕ ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು. ಸಾರಿನಂಥ ದ್ರವದ ಮೇಲೆ ತುಪ್ಪದ ಹನಿ ಬಿಟ್ಟು ಪ್ಲೇಗಿನ ಕ್ರಿಮಿಗಳನ್ನು ಬೆಳೆಸಿದರು. ಆಮೇಲೆ ಬಿಸಿ ಮಾಡಿ ಕೊಂದರು. ಸತ್ತ ಕ್ರಿಮಿ ರೋಗ ತರುವುದಿಲ್ಲ, ಆದರೆ ಮೈಗೆ ಹೋರಾಡಲು ಕಲಿಸುತ್ತದೆ. ಹಗಲು ರಾತ್ರಿ ದುಡಿದು ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ತಮಗೇ ಮೊದಲು ಚುಚ್ಚಿಕೊಂಡರು. ಜ್ವರ ಬಂತು, ನೋವು ಬಂತು, ಆದರೆ ಏನೂ ಅಪಾಯವಾಗಲಿಲ್ಲ. ನಮ್ಮ ಹುಬ್ಬಳ್ಳಿ, ಧಾರವಾಡದ ಕಡೆಯೂ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಲಸಿಕೆ ಹಾಕಿಸಿಕೊಂಡವರಲ್ಲೂ ಕೆಲವರಿಗೆ ಪ್ಲೇಗು ಬಂತು, ಆದರೆ ಸಾಯುವವರು ಬಹಳ ಕಡಿಮೆಯಾದರು.

ಇಷ್ಟು ಉಪಕಾರ ಮಾಡಿದವರಿಗೆ ಕಷ್ಟ ತಪ್ಪಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತುಹೋದರು. ತಪ್ಪೆಲ್ಲ ಹಾಫ್ಕಿನ್ ಅವರದೇ ಅಂತ ಹೇಳಿ ಕೆಲಸದಿಂದ ದೂರವಿಟ್ಟರು. ನಿಜವಾಗಿ ಆ ಸೀಸೆ ತೆಗೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ಮಲೇರಿಯಾ ಬಗ್ಗೆ ಸಂಶೋಧನೆ ಮಾಡಿದ ರೊನಾಲ್ಡ್ ರಾಸ್ ಮುಂತಾದವರು ಅವರ ಪರ ನಿಂತರು. 1907ರಲ್ಲಿ ಕಳಂಕ ಹೋಯಿತು. ಅವರು ಸಿಟ್ಟು ಇಟ್ಟುಕೊಳ್ಳದೆ ಮತ್ತೆ ಭಾರತಕ್ಕೇ ಬಂದು ಕಲ್ಕತ್ತದಲ್ಲಿ ದುಡಿದರು. 1925ರಲ್ಲಿ ಬೊಂಬಾಯಿಯ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನಲ್ಲಿ ಅವರು ತೀರಿಕೊಂಡರು.

ಈಗ ನನ್ನ ಮಾತು. ನಮ್ಮ ಮಹದೇವಪುರದಲ್ಲಿ ಎಲ್ಲೆಲ್ಲೂ ಕಂಪನಿಗಳು. ಇವತ್ತು ಅಮೆರಿಕದಲ್ಲಿ ಇದ್ದವರು ನಾಳೆ ಇಲ್ಲಿರುತ್ತಾರೆ. 2020ರ ಮಾರ್ಚಿನಲ್ಲಿ ಬೆಂಗಳೂರಿನ ಮೊದಲ ಕೊರೊನಾ ರೋಗಿಯೂ ಅಮೆರಿಕದಿಂದ ವಿಮಾನದಲ್ಲಿ ಬಂದ ಇಂಜಿನಿಯರೇ. ಅವರನ್ನು ಬೈಯಬಾರದು. ಯಾರೂ ಬೇಕು ಅಂತ ರೋಗ ತರೋದಿಲ್ಲ. ಹಾಂಗ್‌ಕಾಂಗ್‌ನಿಂದ ಇಲ್ಲಿಗೆ ಬರೋಕೆ ಪ್ಲೇಗಿಗೆ ನಾಲ್ಕು ವರ್ಷ ಬೇಕಾಯಿತು, ಕೊರೊನಾಗೆ ಕೆಲವೇ ತಿಂಗಳು ಸಾಕಾಯಿತು.

2021ರಲ್ಲಿ ನಮ್ಮ ತಾತ ಲಸಿಕೆ ಹಾಕಿಸಿಕೊಳ್ಳಲಿಲ್ಲ. ಜ್ವರ ಬಂದು ಮಲಗಿದರೆ ಹಸುಗಳ ಹಾಲು ಕರೆಯೋರು ಯಾರು ಅಂತ ಮುಂದೆ ಹಾಕುತ್ತಾ ಬಂದರು. ಮೇ ತಿಂಗಳಲ್ಲಿ ಕೊರೊನಾ ಬಂತು, ತಾತ ಉಳಿಯಲಿಲ್ಲ. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದರೋ ಏನೋ ಅಂತ ಅಜ್ಜಿ ಈಗಲೂ ಹೇಳುತ್ತಾರೆ. ಹಸುಗಳನ್ನು ಮಾರಿಬಿಟ್ಟೆವು.

ಅದಕ್ಕೇ ನನಗೆ ನಗು ಬರಲಿಲ್ಲ. ಹೆದರುವುದು ತಪ್ಪಲ್ಲ, ಹಾಫ್ಕಿನ್ ಅವರಿಗೂ ಹೆದರಿಕೆ ಆಗಿರಬಹುದು. ಆದರೂ ತೋಳು ಚಾಚಿದರು. ಆ ಇಬ್ಬರು ತಮ್ಮಂದಿರೇ, ಮುಂದಿನ ಸಲ ನರ್ಸಮ್ಮ ಬಂದಾಗ ನಿಮ್ಮ ಜೊತೆ ನಾನು ಬಂದು ನಿಲ್ಲುತ್ತೇನೆ.

— 7ನೇ ತರಗತಿ ವಿದ್ಯಾರ್ಥಿನಿ