ಗಾಳಿಯ ಭಾರವನ್ನು ಅಳೆದ ಪಾಸ್ಕಲ್

ಬ್ಲೇಸ್ ಪಾಸ್ಕಲನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಫ್ರಾನ್ಸ್ ದೇಶದ ಕ್ಲೆರ್ಮಾನ್ ಎಂಬ ಊರಿನಲ್ಲಿ 1623ನೆಯ ಇಸವಿ ಜೂನ್ 19ರಂದು ಜನಿಸಿದ ಆತನು ಮೂರು ವರ್ಷದವನಿದ್ದಾಗಲೇ ತಾಯಿಯನ್ನು ಕಳೆದುಕೊಂಡನು. ತಂದೆ ಮಕ್ಕಳನ್ನು ಪ್ಯಾರಿಸಿಗೆ ಕರೆತಂದು ತಾನೇ ಗುರುವಾದನು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಮನೆಯಲ್ಲೇ ಗುರು ದೊರೆತವನ ಭಾಗ್ಯವನ್ನು ಓದುವಾಗ ಕೊಂಚ ಅಸೂಯೆಯಾಯಿತೆಂದರೆ ವಾಚಕರು ಮನ್ನಿಸಬೇಕು.

ಮುಂದೆ ತಂದೆಗೆ ರುವಾನ್ ನಗರದಲ್ಲಿ ತೆರಿಗೆಯ ಅಧಿಕಾರ ದೊರೆಯಿತು. ಆತನು ಲೆಕ್ಕದಲ್ಲಿ ಬಳಲುವುದನ್ನು ಕಂಡು ಮಗನು 1642ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಲ್ಲುಚಕ್ರಗಳಿಂದ ಸಂಖ್ಯೆಗಳನ್ನು ಕೂಡುವ ಯಂತ್ರವೊಂದನ್ನು ಕಲ್ಪಿಸಿದನು.

ನಾನು ಕಲಾ ವಿಭಾಗದವನು. ಒತ್ತಡವೆಂದರೆ ಭಾರಕ್ಕೆ ಇನ್ನೊಂದು ಹೆಸರಲ್ಲ ಎಂಬುದು ನನಗೆ ತಿಳಿದದ್ದು ತಾಯಿಯ ಸಿಂಬಿಯಿಂದ. ತುಂಬಿದ ಬಿಂದಿಗೆ ಬರಿತಲೆಯ ಮೇಲೆ ಕೂತರೆ ನೆತ್ತಿ ಉರಿಯುತ್ತದೆ. ಸಿಂಬಿ ಇಟ್ಟರೆ ಸಹ್ಯವಾಗುತ್ತದೆ. ನೀರೇನೂ ಕಡಿಮೆಯಾಗಲಿಲ್ಲ, ಅದೇ ಭಾರ ಹೆಚ್ಚು ಜಾಗದ ಮೇಲೆ ಹರಡಿತು, ಅಷ್ಟೆ. ಒಂದೊಂದು ಅಂಗುಲದ ಪಾಲಿಗೆ ಬರುವ ಬಲವೇ ಒತ್ತಡ.

ಇಟಲಿಯ ಟೊರಿಚೆಲ್ಲಿ 1644ರಲ್ಲಿ ತಿಳಿಸಿದ್ದ ಪ್ರಯೋಗವೊಂದು ಪಾಸ್ಕಲನನ್ನು ಸೆಳೆಯಿತು. ಒಂದು ತುದಿ ಮುಚ್ಚಿದ ಗಾಜಿನ ನಳಿಗೆಗೆ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ಬೋರಲು ನಿಲ್ಲಿಸಿದರೆ, ಅದು ಪೂರ್ತಿ ಇಳಿಯದೆ ಸುಮಾರು 76 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಪ್ರಕೃತಿಯು ಶೂನ್ಯವನ್ನು ಸಹಿಸದೆಂದು ಪಂಡಿತರು ವಾದಿಸುತ್ತಿದ್ದರು. ಬಟ್ಟಲಿನ ಮೇಲೆ ಹೊರಗಿನ ಗಾಳಿ ಒತ್ತುವುದರಿಂದಲೇ ಪಾದರಸ ನಿಂತಿದೆ ಎಂಬುದು ನಿಜವಾದರೆ, ಬೆಟ್ಟದ ಮೇಲೆ ಗಾಳಿ ಕಡಿಮೆಯಾದ್ದರಿಂದ ಪಾದರಸವೂ ಇಳಿಯಬೇಕಲ್ಲವೆ?

ಪಾಸ್ಕಲನು ರೋಗಿ, ಪ್ಯಾರಿಸಿನಲ್ಲಿದ್ದನು. ಕ್ಲೆರ್ಮಾನಿನಲ್ಲಿದ್ದ ಭಾವ ಪೆರಿಯೆಗೆ ಕಾಗದ ಬರೆದನು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಕೆಲವರೊಡನೆ ಪ್ಯುಯಿ ದ ದೋಮ್ ಬೆಟ್ಟ ಹತ್ತಿದನು. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರಿನಷ್ಟು ತಗ್ಗಿತು! ನಂಬಲಾರದೆ ಆತನು ಅಲ್ಲಿಯೇ ಐದು ಸಲ, ಬಯಲಿನಲ್ಲಿಯೂ ಸೂರಿನ ಕೆಳಗೂ, ಅಳೆದನು. ಕೆಳಗೆ ಊರಿನ ಮಠದ ತೋಟದಲ್ಲಿ ಮತ್ತೊಂದು ನಳಿಗೆಯನ್ನು ಒಬ್ಬ ಸನ್ಯಾಸಿ ದಿನವಿಡೀ ಕಾದು ಕೂತಿದ್ದನು, ಅದು ಅಲುಗಲಿಲ್ಲ. ನನ್ನ ಮಟ್ಟಿಗೆ ಪ್ರಯೋಗದ ಜೀವವಿರುವುದು ಈ ಕೆಳಗಿನ ನಳಿಗೆಯಲ್ಲಿ. ಅದಿಲ್ಲದಿದ್ದರೆ ಹವೆ ಬದಲಾಗಿದ್ದೀತೆಂದು ಯಾರಾದರೂ ತಳ್ಳಿಹಾಕಬಹುದಿತ್ತು.

ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಕುಂದದೆ ಸಾಗುತ್ತದೆಂದೂ ಆತನು ತೋರಿಸಿದನು. ನೂರು ಪಾಲು ಅಗಲವಾದ ಬಾಯಿಯಲ್ಲಿ ಒಬ್ಬನ ಬಲ ನೂರು ಜನರ ಬಲವಾಗುತ್ತದೆ. ಆದರೆ ಪುಕ್ಕಟೆಯಲ್ಲ: ಇತ್ತ ನೂರು ಅಂಗುಲ ತಳ್ಳಿದರೆ ಅತ್ತ ಏಳುವುದು ಒಂದೇ ಅಂಗುಲ. ಗ್ಯಾರೇಜಿನಲ್ಲಿ ಹುಡುಗನೊಬ್ಬನು ಜಾಕಿನ ಹಿಡಿಯನ್ನು ಮತ್ತೆ ಮತ್ತೆ ಒತ್ತಿ ಲಾರಿಯನ್ನು ಎತ್ತುವುದು ಇದರಿಂದಲೇ. ಈ ಗ್ರಂಥ ಅಚ್ಚಾದದ್ದು ಕರ್ತೃವಿನ ಮರಣಾನಂತರ, 1663ರಲ್ಲಿ.

1654ರ ನವೆಂಬರ್ 23ರ ರಾತ್ರಿಯ ದೈವಾನುಭವದ ಬಳಿಕ ಆತನ ಮನಸ್ಸು ಧರ್ಮದತ್ತ ಹೊರಳಿತು. ವಿಜ್ಞಾನದ ಗೆಳೆಯರು ಇದನ್ನು ನಷ್ಟವೆನ್ನುತ್ತಾರೆ, ನಾನು ಒಪ್ಪಲಾರೆ. 1656-57ರಲ್ಲಿ ಬರೆದ ಪತ್ರಗಳಿಂದ ಆತನು ಫ್ರೆಂಚ್ ಗದ್ಯದ ಆಚಾರ್ಯರಲ್ಲಿ ಒಬ್ಬನಾದನು. 1662ರಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಗೊತ್ತಾದ ದಾರಿ, ಗೊತ್ತಾದ ಬಾಡಿಗೆಯ ಸಾರ್ವಜನಿಕ ಸಾರೋಟುಗಳು ಓಡತೊಡಗಿದವು. ಆ ಯೋಜನೆಯೂ ಪಾಸ್ಕಲನದೇ. ಅದೇ ವರ್ಷ ಆಗಸ್ಟ್ 19ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಆತನು ಅಕ್ಕನ ಮನೆಯಲ್ಲಿ ತೀರಿಕೊಂಡನು.