ಕಾರ್ಲೊ ಗುಟ್ಸಿ

ಕಾರ್ಲೊ ಗುಟ್ಸಿ (4 ಆಗಸ್ಟ್ 1889 – ನವೆಂಬರ್ 1964) ಇಟಲಿಯ ಮೋಟಾರ್‌ಸೈಕಲ್ ವಿನ್ಯಾಸಕರು ಹಾಗೂ ಮೋಟೊ ಗುಟ್ಸಿ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಸಂಸ್ಥೆಯು ಇವರ ಹೆಸರನ್ನು ಹೊತ್ತಿದ್ದರೂ ಅದರ ಒಡೆತನದಲ್ಲಿ ಇವರಿಗೆ ಪಾಲಿರಲಿಲ್ಲ. ತಯಾರಾದ ಪ್ರತಿಯೊಂದು ವಾಹನಕ್ಕೆ ರಾಯಧನ ಸಲ್ಲುತ್ತಿತ್ತು.

ಆರಂಭಿಕ ಜೀವನ

ಗುಟ್ಸಿ ಮಿಲಾನ್ ನಗರದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ವಾಯುದಳದಲ್ಲಿ ಮೆಕ್ಯಾನಿಕ್ ಆಗಿದ್ದಾಗ ವಿಮಾನಚಾಲಕರಾದ ಜಾರ್ಜೊ ಪರೋದಿ ಮತ್ತು ಜೊವಾನ್ನಿ ರವೆಲ್ಲಿ ಇವರಿಗೆ ಸ್ನೇಹಿತರಾದರು. ಯುದ್ಧಾನಂತರ ಗುಟ್ಸಿ ವಾಹನವನ್ನು ರೂಪಿಸುವುದು, ಪರೋದಿ ಬಂಡವಾಳ ಒದಗಿಸುವುದು, ರವೆಲ್ಲಿ ಪಂದ್ಯಗಳಲ್ಲಿ ಓಡಿಸುವುದು ಎಂದು ಮೂವರೂ ನಿಶ್ಚಯಿಸಿದ್ದರು. ಆದರೆ 1919ರಲ್ಲಿ ರವೆಲ್ಲಿ ವಿಮಾನ ಅಪಘಾತದಲ್ಲಿ ಮೃತಪಟ್ಟರು. ಅವರ ಸ್ಮರಣಾರ್ಥ ರೆಕ್ಕೆ ಚಾಚಿದ ಹದ್ದು ಸಂಸ್ಥೆಯ ಲಾಂಛನವಾಯಿತು.

ವಿನ್ಯಾಸಗಳು

1921ರ ಮಾರ್ಚ್ 15ರಂದು ಸಂಸ್ಥೆ ಸ್ಥಾಪನೆಯಾಯಿತು. ಕೋಮೊ ಸರೋವರದ ದಂಡೆಯ ಮಾಂಡೆಲ್ಲೊ ದೆಲ್ ಲಾರಿಯೊದಲ್ಲಿ ಕಾರ್ಖಾನೆ ಆರಂಭವಾಯಿತು. ಮೊದಲ ಮಾದರಿಯಾದ ‘ನಾರ್ಮಾಲೆ’ಯಲ್ಲಿ 498 ಸಿಸಿ ಎಂಜಿನ್ನಿನ ಒಂಟಿ ಸಿಲಿಂಡರನ್ನು ಅಡ್ಡಲಾಗಿ ಮಲಗಿಸಲಾಗಿತ್ತು. ಇದರಿಂದ ಸಿಲಿಂಡರಿನ ತಲೆಗೆ ಎದುರುಗಾಳಿ ತಾಗಿ ತಂಪಾಗುತ್ತಿತ್ತು, ವಾಹನದ ಭಾರವೂ ನೆಲಕ್ಕೆ ಸಮೀಪವಿರುತ್ತಿತ್ತು. ಹಿಂಬದಿ ಚಕ್ರಕ್ಕೂ ಸಸ್ಪೆನ್ಷನ್ ಇದ್ದ ಜಿ.ಟಿ. ಮಾದರಿಯನ್ನು 1928ರಲ್ಲಿ ಸೋದರ ಜುಸೆಪ್ಪೆ ನಾರ್ವೆಯ ಉತ್ತರ ತುದಿಯತ್ತ ಓಡಿಸಿ, ಅದು ದೂರ ಪ್ರಯಾಣಕ್ಕೆ ಯೋಗ್ಯವೆಂದು ತೋರಿಸಿಕೊಟ್ಟರು. 1935ರಲ್ಲಿ ಐಲ್ ಆಫ್ ಮ್ಯಾನ್ ಟಿ.ಟಿ. ಪಂದ್ಯದಲ್ಲಿ ಸ್ಟಾನ್ಲಿ ವುಡ್ಸ್ ಸಂಸ್ಥೆಯ ವಾಹನಗಳಲ್ಲಿ ಎರಡು ವಿಭಾಗಗಳನ್ನು ಗೆದ್ದರು.

ನಂತರದ ಪ್ರಭಾವ

ಇಂದು ಸಂಸ್ಥೆಯ ಗುರುತಾಗಿರುವ, ಎರಡೂ ಬದಿಗೆ ಚಾಚಿದ ಸಿಲಿಂಡರುಗಳ ವಿ7 ಮಾದರಿಯು ಗುಟ್ಸಿ ನಿಧನರಾದ ಮೇಲೆ, 1967ರಲ್ಲಿ ಮಾರುಕಟ್ಟೆಗೆ ಬಂದಿತು. ಅದನ್ನು ಜೂಲಿಯೊ ಚೆಸಾರೆ ಕಾರ್ಕಾನೊ ರೂಪಿಸಿದರು. ಹಳೆಯ ಶೈಲಿಯ ಇಂದಿನ ವಿ7 ವಾಹನಗಳ ಮೇಲೂ ರವೆಲ್ಲಿಯ ಹದ್ದು ಉಳಿದಿದೆ.