ದೀಪಧಾರಿಣಿಯ ಲೆಕ್ಕ

ರೋಗಿಗಳ ನಡುವೆ ದೀಪ ಹಿಡಿದು ನಡೆದ ಕರುಣಾಮಯಿಯೆಂದು ಫ್ಲಾರೆನ್ಸ್ ನೈಟಿಂಗೇಲಳನ್ನು ಲೋಕವೆಲ್ಲ ಬಲ್ಲದು. ಆ ಕರುಣೆಗೆ ಲೆಕ್ಕದ ಪುಸ್ತಕವೂ ಸಾಧನವಾಗಿತ್ತೆಂಬುದನ್ನು ಬಲ್ಲವರು ವಿರಳ.

ಇಂಗ್ಲೆಂಡಿನ ಶ್ರೀಮಂತ ದಂಪತಿಗಳ ಮಗಳಾಗಿ ಆಕೆ 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆಯೇ ಆಕೆಗೆ ಗುರು. ಗಣಿತವೆಂದರೆ ಆಕೆಗೆ ಬಹಳ ಪ್ರೀತಿ. ದಾದಿಯ ವೃತ್ತಿ ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂದು ಮನೆಯವರು ವಿರೋಧಿಸಿದರೂ ಆಕೆ ತನ್ನ ಸಂಕಲ್ಪವನ್ನು ಬಿಡಲಿಲ್ಲ.

1854ರಲ್ಲಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ, 38 ಮಂದಿ ದಾದಿಯರೊಡನೆ ಆಕೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಗೆ ಬಂದಳು. ಅಲ್ಲಿ ಕಂಡದ್ದು ಕೊಳಕು, ದುರ್ಗಂಧ, ಇಕ್ಕಟ್ಟು. ಸತ್ತವರೆಷ್ಟು ಮಂದಿ ಎಂಬುದಕ್ಕೂ ಖಚಿತವಾದ ಲೆಕ್ಕವಿರಲಿಲ್ಲ. ಒಂದು ದಾಖಲೆಯ ಸಂಖ್ಯೆ ಇನ್ನೊಂದರ ಸಂಖ್ಯೆಗೆ ಹೊಂದುತ್ತಿರಲಿಲ್ಲ. ಲೆಕ್ಕವೇ ಇಲ್ಲದ ಮೇಲೆ ಆ ಸಾವುಗಳಿಗೆ ಹೊಣೆಯಾದರೂ ಯಾರು?

1856ರಲ್ಲಿ ಸ್ವದೇಶಕ್ಕೆ ಮರಳಿದ ಆಕೆ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಆ ಅಂಕಿಗಳನ್ನು ಶೋಧಿಸಿದಳು. ಗಾಯಗಳಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹುಪಾಲು ಎಂಬ ಸತ್ಯ ಹೊರಬಿತ್ತು. ಆಳುವವರ ಕಣ್ಣಿಗೆ ಅದು ಥಟ್ಟನೆ ಕಾಣಲೆಂದು ಆಕೆ ಬಣ್ಣದ ರೇಖಾಚಿತ್ರಗಳನ್ನು ರಚಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು.

ಅನಂತರ ಆಕೆಯ ಗಮನ ಭಾರತದತ್ತ ತಿರುಗಿತು. ಇಲ್ಲಿನ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ಆಯೋಗವೊಂದು ನೇಮಕವಾಯಿತು. ಲಂಡನ್ನಿನಲ್ಲಿ ದೊರೆತ ದಾಖಲೆಗಳು ಸಾಲದಾದಾಗ, ಆಕೆ ಪ್ರಶ್ನಾವಳಿಯನ್ನು ಸಿದ್ಧಪಡಿಸಿ ಭಾರತದ ಸೈನಿಕ ಠಾಣ್ಯಗಳಿಗೆ ಕಳುಹಿಸುವ ಏರ್ಪಾಡು ಮಾಡಿದಳು. ಕುಡಿಯುವ ನೀರು, ಚರಂಡಿ, ವಸತಿ, ರೋಗ, ಮರಣ ಎಲ್ಲವೂ ಆ ಪ್ರಶ್ನೆಗಳಲ್ಲಿದ್ದವು. ರಾಶಿ ರಾಶಿಯಾಗಿ ಬಂದ ಉತ್ತರಗಳನ್ನು ರೋಗಶಯ್ಯೆಯಲ್ಲಿದ್ದುಕೊಂಡೇ ಪರಿಶೀಲಿಸಿದಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ಸಾರಿತು. ಮರುವರ್ಷವೇ ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳಲ್ಲಿ ನೈರ್ಮಲ್ಯ ಆಯೋಗಗಳು ಸ್ಥಾಪನೆಗೊಂಡವು. ಮರಣದ ಪ್ರಮಾಣ 18ಕ್ಕೆ ಇಳಿದುದನ್ನು ಆಕೆ 1873ರಲ್ಲಿ ಲೋಕದ ಮುಂದಿಟ್ಟಳು.

ಆದರೆ ಸೈನಿಕನ ಸಾವಿಗಾದರೂ ಲೆಕ್ಕವಿತ್ತು. ಕಾಲರಾ ಬಂದು ಹಳ್ಳಿಗೆ ಹಳ್ಳಿಯೇ ಬರಿದಾದರೂ ರೈತನ ಸಾವಿಗೆ ನಂಬಬಹುದಾದ ಲೆಕ್ಕವಿರಲಿಲ್ಲ. ಭಾರತವನ್ನು ಒಮ್ಮೆಯೂ ಕಣ್ಣಾರೆ ಕಾಣದ ಆಕೆ, ಇಲ್ಲಿನ ಹಳ್ಳಿಗಳ ನೀರು ನೈರ್ಮಲ್ಯಗಳಿಗಾಗಿ ದಶಕಗಳ ಕಾಲ ಅಧಿಕಾರಿಗಳಿಗೆ ಪತ್ರಗಳನ್ನು ಬರೆಯುತ್ತಲೇ ಇದ್ದಳು.

1910ರ ಆಗಸ್ಟ್ 13ರಂದು ಆಕೆಯ ಜೀವನದೀಪ ಆರಿತು. ಜನನ ಮರಣಗಳನ್ನು ನೋಂದಾಯಿಸುವ ಏಕರೂಪದ ಕಾಯಿದೆ ಸ್ವತಂತ್ರ ಭಾರತದಲ್ಲಿ ಬಂದದ್ದು 1969ರಲ್ಲಿ. ಜಗತ್ತಿನ ಅನೇಕ ಬಡ ನಾಡುಗಳಲ್ಲಿ ಎಷ್ಟೋ ಜನರ ಸಾವು ಇಂದಿಗೂ ಯಾವ ಪುಸ್ತಕವನ್ನೂ ಸೇರುವುದಿಲ್ಲ. ಎಣಿಕೆಗೆ ಬಾರದ ನೋವಿಗೆ ಔಷಧವೂ ದೊರೆಯದು. ಆಕೆ ತೆರೆದ ಲೆಕ್ಕದ ಪುಸ್ತಕದಲ್ಲಿ ತುಂಬಬೇಕಾದ ಪುಟಗಳು ಇನ್ನೂ ಉಳಿದಿವೆ.